ಕಳಿಸಿದವರ ಹೆಸರು

ಇದನ್ನ ಹೇಳುವಾಗ ನನಗೆ ಇವತ್ತಿಗೂ ಬಾಯೆಲ್ಲ ಕಹಿಯಾಗುತ್ತೆ. ಆದರೂ ನಾನೇ ಹೇಳ್ತೀನಿ. ಬೇರೆಯವರು ಹೇಳಿದರೆ ನನ್ನ ಪಾಲಿನದನ್ನ ಬಿಟ್ಟು ಹೇಳಿಬಿಡ್ತಾರೆ, ಅದು ಸರಿಯಲ್ಲ.

ನಾನು ಅರುಳಪ್ಪ. ಹೊಳೆಯಲ್ಲಿ ತೆಪ್ಪ ಹಾಕುವವನು. ಈ ದಡದಲ್ಲಿ ನಮ್ಮ ಊರು, ಅರವತ್ತು ಮನೆ, ಎಲ್ಲರೂ ಕ್ರೈಸ್ತರೇ. ಆ ದಡದಲ್ಲಿ ಇನ್ನಾಸಯ್ಯನವರ ಆಶ್ರಮ. ಆಶ್ರಮ ಅಂದರೆ ಏನೇನೋ ಅಂದುಕೊಳ್ಳಬೇಡಿ. ಮೂರು ಹೆಂಚಿನ ಕೋಣೆ, ಒಂದು ಮರದ ಶಿಲುಬೆ, ಒಂದು ಹುಣಸೆ ಮರ, ಅಷ್ಟೇ.

ಇನ್ನಾಸಯ್ಯನವರು ಪಾದ್ರಿಯಲ್ಲ, ಮದುವೆಯಾದವರೂ ಅಲ್ಲ. ಪಿಶಾಚಿ ಹಿಡಿದವರು, ಬುದ್ಧಿ ಕಲಕಿದವರು, ಮನೆಯಲ್ಲಿ ಯಾರಿಗೂ ಬೇಡವಾದವರು, ಎಲ್ಲರನ್ನೂ ಜನ ಅವರ ಹತ್ತಿರ ತಂದು ಬಿಡ್ತಿದ್ದರು. ದಾಟಿಸ್ತಿದ್ದವನು ನಾನೇ.

ಅಯ್ಯನವರ ಕ್ರಮ ಬಹಳ ಸಪ್ಪೆ. ಬಂದವರಿಗೆ ಮೊದಲು ಗಂಜಿ. ಆಮೇಲೆ ನಿದ್ದೆ. ಹೆಂಗಸಾದರೆ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಕೂರಬೇಕು. ಮೂರನೆಯ ದಿನ ತಲೆಯ ಮೇಲೆ ಕೈಯಿಟ್ಟು ಒಂದೇ ಮಾತು ಹೇಳ್ತಿದ್ದರು, "ಬಾಯಿ ಮುಚ್ಚು, ಯೇಸುವಿನ ಹೆಸರಲ್ಲಿ ಹೊರಡು" ಅಂತ. ಪಿಶಾಚಿ ಏನಾದರೂ ಕಥೆ ಹೇಳಲು ಶುರು ಮಾಡಿದರೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕ್ತಾ ನಿಲ್ಲೋರು.

ನಿಜ ಹೇಳಬೇಕೆಂದರೆ ನಮಗೆ ಅದು ಹಿಡಿಸ್ತಿರಲಿಲ್ಲ. ಅಷ್ಟು ದೂರ ಹೋದ ಮೇಲೆ ನೋಡೋಕೆ ಏನಾದರೂ ಇರಬೇಡವೇ?

ಶೌರಿ ಅವರ ಶಿಷ್ಯ. ಮೂವತ್ತು ದಾಟಿದವನು, ಮೊದಲು ಎಲ್ಲೋ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ಏಳು ವರ್ಷದಿಂದ ಅಯ್ಯನವರ ಜೊತೆಗಿದ್ದ. ಉಪವಾಸ ಅಂದರೆ ಉಪವಾಸ, ಜಪ ಅಂದರೆ ಜಪ. ಕೆಟ್ಟವನಲ್ಲ. ಕೆಟ್ಟವನಾಗಿದ್ದಿದ್ದರೆ ಈ ಕಥೆ ಹೇಳೋದು ನನಗೆ ಸಲೀಸಾಗ್ತಿತ್ತು.

ಒಂದು ಮಧ್ಯಾಹ್ನ ನಾನು ಆಶ್ರಮದ ಕಟ್ಟೆಯ ಮೇಲೆ ಕೂತಿದ್ದಾಗ ಶೌರಿ ಕೇಳಿದ.

"ಅಯ್ಯ, ನೀವು ಸೈತಾನನನ್ನ ನೋಡಿದ್ದೀರಾ?"

"ಮುಖ ನೋಡಿಲ್ಲ. ಮಾತು ಕೇಳಿದ್ದೀನಿ."

"ದನಿ ಹೇಗಿತ್ತು?"

"ಬಹಳ ಕಾಳಜಿ ಇತ್ತು ಅದರಲ್ಲಿ."

ಶೌರಿ ನಕ್ಕ. ಅಯ್ಯನವರು ನಗಲಿಲ್ಲ.

ಶೌರಿಗೆ ಯುದ್ಧ ಬೇಕಾಗಿತ್ತು. ಸೈತಾನನ ಎದುರು ನಿಲ್ಲೋಕೆ ದೇವರ ಆಯುಧಗಳನ್ನೆಲ್ಲ ಧರಿಸಿಕೊಳ್ಳಿ ಅಂತ ಬೈಬಲಿನಲ್ಲೇ ಇದೆ, ನಾವು ನೋಡಿದರೆ ಗಂಜಿ ಕಾಯಿಸ್ತಾ ಕೂತಿದ್ದೀವಿ ಅಂತ ಅವನ ಗೊಣಗಾಟ. ಆ ಆಯುಧಗಳಲ್ಲಿ ಮೊದಲನೆಯದು ಯಾವುದು ಅಂತ ಅಯ್ಯನವರು ಕೇಳಿದರು. ಮೇಷ್ಟ್ರಾಗಿದ್ದವನಲ್ಲವೇ, ಪಟ್ಟಂತ ಹೇಳಿದ, ಸೊಂಟಕ್ಕೆ ಕಟ್ಟುವ ಸತ್ಯ ಅಂತ.

"ಅದನ್ನ ಕಟ್ಟಿಕೋ ಮೊದಲು. ಕತ್ತಿ ಆಮೇಲೆ ಕೇಳು."

ಅವನಿಗೆ ಸಮಾಧಾನವಾಗಲಿಲ್ಲ. ಆ ವರ್ಷ ಪಟ್ಟಣದಲ್ಲಿ ಪಿಶಾಚಿ ಬಿಡಿಸುವವರ ಕೂಟ ಮೂರು ದಿನ ನಡೆಯಿತು. ಶೌರಿ ಹೋಗಿ ಬಂದ. ಬರುವಾಗ ಕೈಯಲ್ಲಿ ಒಂದು ನೋಟ್‌ಬುಕ್ಕು, ಮುಖದಲ್ಲಿ ಒಂದು ಕಳೆ. ತೆಪ್ಪದಲ್ಲಿ ಕೂತು ನನಗೂ ಪಾಠ ಹೇಳಿದ. ಪಿಶಾಚಿಯನ್ನ ಸುಮ್ಮನೆ ಓಡಿಸಿದರೆ ಅದು ತಿರುಗಿ ಬರುತ್ತಂತೆ. ಮೂರು ಪ್ರಶ್ನೆ ಕೇಳಬೇಕಂತೆ. ನಿನ್ನ ಹೆಸರೇನು, ಯಾವ ಬಾಗಿಲಿಂದ ಹೊಕ್ಕೆ, ನಿನ್ನನ್ನ ಕಳಿಸಿದವರು ಯಾರು. ಮೂರನೆಯದಕ್ಕೆ ಉತ್ತರ ಸಿಕ್ಕಿದರೆ ಬುಡವೇ ಸಿಕ್ಕಿದ ಹಾಗೆ.

ನನಗೆ ಅದು ಬಹಳ ಚೆನ್ನಾಗಿ ಕಂಡಿತು. ಅಯ್ಯನವರಿಗೆ ಕಾಣಲಿಲ್ಲ.

"ಆ ಮೂರನೆಯ ಪ್ರಶ್ನೆಗೆ ಉತ್ತರ ಕೊಡೋದು ಯಾರು?"

"ಪಿಶಾಚಿ, ಅಯ್ಯ."

ಅವರು ನೋಟ್‌ಬುಕ್ಕು ಮುಚ್ಚಿ ವಾಪಸ್ಸು ಕೊಟ್ಟು, ಬೇಡ ಅಂದರು. ಯಾಕೆ ಅಂತ ಶೌರಿ ಕೇಳಲಿಲ್ಲ. ಮುಖ ಮಾತ್ರ ಸಣ್ಣದಾಯಿತು.

ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲ ಶುರುವಾದಾಗ ಅಯ್ಯನವರಿಗೆ ಒಂದು ಕಾಗದ ಬಂತು. ಅವರ ಹಳೆಯ ಸ್ನೇಹಿತರೊಬ್ಬರು ಎಲ್ಲೋ ದೂರದಲ್ಲಿ ಹಾಸಿಗೆ ಹಿಡಿದಿದ್ದರು, ನೋಡಿಕೊಳ್ಳೋರಿಲ್ಲ. ಅಯ್ಯನವರು ಹೊರಟರು. ಯಾರೇ ಬಂದರೂ ಗಂಜಿ ಕೊಡು, ಮಲಗಿಸು, ನಾನು ಬರೋವರೆಗೆ ಬೇರೇನೂ ಬೇಡ ಅಂತ ಶೌರಿಗೆ ಹೇಳಿ ನನ್ನ ತೆಪ್ಪ ಹತ್ತಿದರು.

ಅವರು ಹೋದ ನಾಲ್ಕನೆಯ ದಿನ ಜೆಸಿಂತಳನ್ನ ಕರೆತಂದರು.

ಜೆಸಿಂತ ನಮ್ಮೂರಿನ ಸೊಸೆ. ಮದುವೆಯಾಗಿ ನಾಲ್ಕು ವರ್ಷ. ಮೊದಲ ಮಗು ಏಳು ತಿಂಗಳಿಗೇ ಹೋಯಿತು. ಎರಡನೆಯದು ಹುಟ್ಟಿ ಒಂದು ದಿನ ಇತ್ತು. ಆಮೇಲೆ ಅವಳು ಮಾತು ಬಿಟ್ಟಳು. ಒಂದು ತಿಂಗಳಾದ ಮೇಲೆ ಬಿದ್ದು ಒದ್ದಾಡಿ, ದಪ್ಪ ದನಿಯಲ್ಲಿ ಬೈಯೋಕೆ ಶುರು ಮಾಡಿದಳು. ಅವಳನ್ನ ಕರೆತಂದವರು ಅತ್ತೆ ಸೆಸಿಲಮ್ಮ, ಗಂಡ, ಅವರ ಹಿಂದೆ ಅರ್ಧ ಊರು. ನಾನು ತೆಪ್ಪವನ್ನ ನಾಲ್ಕು ಸಲ ತಿರುಗಿಸಿದೆ. ತಮಾಷೆ ನೋಡೋಕೆ ಎಷ್ಟು ಜನ ಬಂದಿದ್ದರು ಅಂತ ನೀವೇ ಯೋಚಿಸಿ.

ಶೌರಿ ಮೊದಲು ಗಂಜಿಯನ್ನೇ ತಂದ. ಅದನ್ನ ನಾನು ಮುಚ್ಚಿಡಲ್ಲ. ಪಿಶಾಚಿಗೆ ಊಟ ಹಾಕ್ತೀರೇನು ಅಂತ ಸೆಸಿಲಮ್ಮ ಬಟ್ಟಲು ತೆಗೆದು ಪಕ್ಕಕ್ಕಿಟ್ಟಳು. ಗುಂಪಿನಲ್ಲಿ ಯಾರೋ, ಅಯ್ಯನವರಿಲ್ಲದೆ ಈ ಮೇಷ್ಟ್ರ ಕೈಲಿ ಏನಾಗುತ್ತೆ, ನಡೀರಿ ಹೋಗೋಣ ಅಂದರು. ಅದು ಶೌರಿಗೆ ಚುರುಕ್ ಅಂತು. ಒಳಗೆ ಹೋಗಿ ತೀರ್ಥ ತಂದ.

ಹುಣಸೆ ಮರದ ಕೆಳಗೆ ಕೂರಿಸಿ ಅವಳ ಕೂದಲನ್ನ ಮುಷ್ಟಿಗೆ ಸುತ್ತಿಕೊಂಡ. ನಮ್ಮ ಕಡೆ ಹಾಗೇ ಹಿಡಿಯೋದು. ಕೂದಲು ಬಿಟ್ಟರೆ ಪಿಶಾಚಿ ತಪ್ಪಿಸಿಕೊಳ್ಳುತ್ತೆ ಅಂತ ನಂಬಿಕೆ.

ಹೆಸರೇನು ಅಂತ ಕೇಳಿದ. ಅವಳು ಬೈದಳು. ಯಾವ ಬಾಗಿಲಿಂದ ಹೊಕ್ಕೆ ಅಂದ. ಅವಳು ಅತ್ತಳು. ಯಾರು ಕಳಿಸಿದ್ದು ಅಂದ. ಉತ್ತರವಿಲ್ಲ. ಮತ್ತೆ ಕೇಳಿದ. ಹಿಂದಿನಿಂದ ಸೆಸಿಲಮ್ಮ, ಹೇಳು, ಹೇಳಿಬಿಡು ಅಂತ ಒಂದೇ ಸಮನೆ ಅಂತಿದ್ದಳು. ಶೌರಿ ಕೂದಲನ್ನ ಜಗ್ಗಿ ಅವಳ ಮುಖ ಮೇಲೆತ್ತಿ ಮೂರನೆಯ ಸಲ ಕೇಳಿದ.

"ಲೂರ್ದಮ್ಮ" ಅಂತು ಆ ದನಿ.

ಶೌರಿಯೇ ಬೆಚ್ಚಿದ. ಸುಳ್ಳು ಹೇಳಬೇಡ ಅಂತ ಗದರಿಸಿದ. ಯೇಸುವಿನ ಹೆಸರೆತ್ತಿದ ಮೇಲೆ ನನಗೆ ಸುಳ್ಳು ಹೇಳೋಕಾಗಲ್ಲ ಅಂತು ದನಿ. ಅವನು ಕೈ ಬಿಟ್ಟ. ಜೆಸಿಂತ ಹಾಗೇ ಕುಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಕೂತು, ಪಕ್ಕದಲ್ಲಿದ್ದ ಆ ತಣ್ಣಗಿನ ಗಂಜಿಯನ್ನ ತಾನೇ ಎತ್ತಿಕೊಂಡು ಕುಡಿದಳು.

ನಾವೆಲ್ಲ ಅಲ್ಲೆಲೂಯ ಅಂತ ಕೂಗಿದೆವು. ಹೊಳೆಯ ಆಚೆ ದಡಕ್ಕೆ ಕೇಳಿಸೋ ಹಾಗೆ ಕೂಗಿದೆವು. ಕೂಗಿದವರಲ್ಲಿ ನಾನೂ ಒಬ್ಬ. ಲೂರ್ದಮ್ಮ ಅಂದರೆ ನಮ್ಮೂರಿನ ಸೂಲಗಿತ್ತಿ. ನನ್ನ ಇಬ್ಬರು ಮಕ್ಕಳನ್ನ ಎತ್ತಿದವಳು ಅವಳೇ. ಜೆಸಿಂತಳ ಎರಡು ಹೆರಿಗೆಗೂ ಹೋದವಳು ಅವಳೇ.

ಶೌರಿ ಜನರನ್ನ ನಿಲ್ಲಿಸಿ ಬುದ್ಧಿ ಹೇಳಿದ. ಲೂರ್ದಮ್ಮನಿಗೆ ಯಾರೂ ಏನೂ ಮಾಡಬೇಡಿ, ಅವಳಿಗಾಗಿ ಪ್ರಾರ್ಥನೆ ಮಾಡಿ, ಆದರೆ ಹುಷಾರಾಗಿರಿ, ಅವಳ ಕೈಯಿಂದ ಏನೂ ತಿನ್ನಬೇಡಿ, ಬಸುರಿ ಬಾಣಂತಿಯರನ್ನ ದೂರ ಇಡಿ ಅಂದ. ನಿಜವಾದ ಕಾಳಜಿಯಿಂದಲೇ ಅಂದ.

ಲೂರ್ದಮ್ಮ ವಿಧವೆ. ಅರವತ್ತರ ಮೇಲೆ ವಯಸ್ಸು, ಒಬ್ಬಳೇ ಇದ್ದಳು. ಬಾಯಿ ಸ್ವಲ್ಪ ಜೋರು. ನಮ್ಮ ಗಂಡಸರಿಗೆಲ್ಲ, ಹೆಂಡತಿ ಹೆರಿಗೆ ನೋವಲ್ಲಿರುವಾಗ ಬೀಡಿ ಸೇದ್ತಾ ಕೂರಬೇಡಿ, ನೀರು ಕಾಯಿಸಿ ಹೋಗಿ ಅಂತ ಬೈದವಳು.

ಮಾರನೆಯ ದಿನ ಬೋರ್‌ವೆಲ್ಲಿನ ಹತ್ತಿರ ಅವಳು ಬಂದ ತಕ್ಷಣ ಹೆಂಗಸರು ಕೊಡ ಎತ್ತಿಕೊಂಡು ದೂರ ನಿಂತರು. ಅವಳಿಗೆ ಏನೂ ಗೊತ್ತಿಲ್ಲ. ಏನ್ರವ್ವಾ ಎಲ್ಲಾ ಸೇರಿ ನನಗೆ ಮರ್ಯಾದೆ ಕೊಡ್ತಿದ್ದೀರಾ ಅಂತ ತಮಾಷೆ ಮಾಡಿದಳಂತೆ. ಯಾರೂ ನಗಲಿಲ್ಲವಂತೆ. ಆ ವಾರದಲ್ಲೇ ಯಾರೋ ಅವಳ ಬಾಗಿಲ ಮೇಲೆ ಇದ್ದಿಲಿನಲ್ಲಿ ಶಿಲುಬೆ ಬರೆದರು. ಅವಳ ರಕ್ಷಣೆಗಲ್ಲ, ಅವಳು ಹೊರಗೆ ಬರದಿರಲಿ ಅಂತ. ಭಾನುವಾರ ಪೂಜೆಯಲ್ಲಿ ಅವಳು ಕೂತ ಬೆಂಚು ಖಾಲಿಯಾಯಿತು. ಒಬ್ಬರಿಗೊಬ್ಬರು ಕೈ ಮುಗಿದು ಸಮಾಧಾನ ಹೇಳುವ ಹೊತ್ತಲ್ಲಿ ಅವಳು ಆ ಕಡೆ ಈ ಕಡೆ ತಿರುಗಿ ಕೈ ಮುಗಿದಳು. ಕಂಬಕ್ಕೆ ಮುಗಿದ ಹಾಗಾಯಿತು.

ಎರಡನೆಯ ವಾರ ಮೇಲಿನ ಬೀದಿಯ ಒಬ್ಬಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಲೂರ್ದಮ್ಮನ ಮನೆ ನಾಲ್ಕು ಹೆಜ್ಜೆ. ಕರೆಯಲಿಲ್ಲ. ತಾಲ್ಲೂಕಿಗೆ ಅಂತ ವ್ಯಾನಿನಲ್ಲಿ ಹೊರಟರು. ಮಗು ದಾರಿಯಲ್ಲೇ ಹೋಯಿತು.

ಅದನ್ನೂ ಲೂರ್ದಮ್ಮನ ತಲೆಗೇ ಕಟ್ಟಿದರು.

ಅಯ್ಯನವರು ವಾಪಸ್ಸು ಬಂದಾಗ ಮೂರು ವಾರ ಕಳೆದಿತ್ತು. ಸ್ನೇಹಿತರನ್ನ ಮಣ್ಣು ಮಾಡಿ ಬಂದಿದ್ದರು, ಸೋತಿದ್ದರು. ದಾಟಿಸುವಾಗ ನಾನೇ ಎಲ್ಲ ಹೇಳಿದೆ. ನಡೆದದ್ದು ನಡೆದ ಹಾಗೆ ಹೇಳಿದೆ, ನಾನು ಕೂಗಿದ್ದೊಂದನ್ನ ಬಿಟ್ಟು. ದಡ ಸಿಕ್ಕಿದ ಮೇಲೂ ಅವರು ತೆಪ್ಪದಲ್ಲೇ ಕೂತಿದ್ದರು.

ಶೌರಿ ಓಡಿ ಬಂದು ಚೀಲ ತೆಗೆದುಕೊಂಡ. ಅವನಿಗೂ ಒಳಗೊಳಗೆ ಏನೋ ಕೊರೀತಿತ್ತು ಅಂತ ಕಾಣುತ್ತೆ, ಕೇಳುವ ಮೊದಲೇ ಶುರು ಮಾಡಿದ. ಜೆಸಿಂತ ಚೆನ್ನಾಗಿದ್ದಾಳೆ, ಊಟ ಮಾಡ್ತಿದ್ದಾಳೆ, ಮನೆ ಕೆಲಸ ಮಾಡ್ತಿದ್ದಾಳೆ ಅಂದ.

"ಲೂರ್ದಮ್ಮನ ಹೆಸರು ಹೇಳಿದ್ದು ಯಾರು?"

"ಪಿಶಾಚಿ, ಅಯ್ಯ. ಅದಕ್ಕೆ ಸುಳ್ಳು ಹೇಳೋಕಾಗಲ್ಲ. ಯೇಸುವಿನ ಹೆಸರಲ್ಲಿ ಕೇಳಿದ್ದೆ."

"ಸುಳ್ಳು ಹೇಳೋಕಾಗಲ್ಲ ಅಂತ ನಿನಗೆ ಯಾರು ಹೇಳಿದ್ದು?"

"ಅದೇ ಹೇಳಿತು."

ಶೌರಿ ತಾನು ಹೇಳಿದ್ದನ್ನ ತಾನೇ ಕೇಳಿಸಿಕೊಂಡ. ಅವನ ಕಿವಿ ಕೆಂಪಗಾದವು.

ಮಾರನೆಯ ಬೆಳಿಗ್ಗೆ ಇಬ್ಬರನ್ನೂ ಈ ದಡಕ್ಕೆ ತಂದೆ. ಜೆಸಿಂತ ಹೊಳೆಯಲ್ಲಿ ಬಟ್ಟೆ ಒಗೀತಿದ್ದಳು, ಒಬ್ಬಳೇ. ಅಯ್ಯನವರು ಸ್ವಲ್ಪ ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತು, ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ ಮಗಳೇ, ಅವತ್ತು ಏನಾಯಿತು ಹೇಳು ಅಂದರು. ಅವಳು ಒಗೆಯೋದನ್ನ ನಿಲ್ಲಿಸಲಿಲ್ಲ. ಬಟ್ಟೆಯನ್ನೇ ನೋಡ್ತಾ ಹೇಳಿದಳು.

"ಕೂದಲು ಬಿಡಲೇ ಇಲ್ಲ ಅವರು. ಒಂದು ಹೆಸರು ಹೇಳೋವರೆಗೂ ಬಿಡಲ್ಲ ಅಂತ ಗೊತ್ತಾಯ್ತು. ನಮ್ಮ ಮನೇಲಿ ದಿನಾ ಬೆಳಗಾದರೆ ನನ್ನ ಕಿವಿಗೆ ಬೀಳ್ತಿದ್ದದ್ದು ಅದೊಂದೇ ಹೆಸರು. ನಮ್ಮತ್ತೆ ಹೇಳ್ತಿದ್ದರು. ಅದನ್ನೇ ಹೇಳಿದೆ."

"ದನಿ ನಿನ್ನದೇನಾ?"

"ದನಿ ಯಾರದೋ ಗೊತ್ತಿಲ್ಲ ಅಯ್ಯ. ಹೆಸರು ಹೇಳಿದ್ದು ಮಾತ್ರ ನಾನೇ."

ಆಮೇಲೆ ಗಂಜಿ ಯಾಕೆ ಕುಡಿದೆ ಅಂತ ಶೌರಿ ಕೇಳಿದ. ಅದನ್ನೇ ನಂಬಿಕೊಂಡಿದ್ದ, ಪಾಪ. ಅವಳು ಹಸಿವಾಗಿತ್ತು ಅಂದಳು. ಪಿಶಾಚಿ ಸೊರಗಲಿ ಅಂತ ಮನೆಯಲ್ಲಿ ಅವಳಿಗೆ ಮೂರು ದಿನ ಅನ್ನ ಕೊಟ್ಟಿರಲಿಲ್ಲ.

ನಾನು ತೆಪ್ಪದ ಹುಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಎಲ್ಲ ಕೇಳಿಸಿಕೊಂಡೆ.

ವಾಪಸ್ಸು ಹೋಗುವಾಗ ಹೊಳೆ ಮಧ್ಯದಲ್ಲಿ ಶೌರಿ ಬಾಯಿ ಬಿಟ್ಟ. ಹಾಗಾದರೆ ಅವತ್ತು ಅಲ್ಲಿ ಸೈತಾನ ಇರಲೇ ಇಲ್ಲವೇ ಅಂತ ಕೇಳಿದ. ಇರಲಿಲ್ಲ ಅಂದುಬಿಟ್ಟಿದ್ದರೆ ಅವನಿಗೆ ಹಗುರಾಗ್ತಿತ್ತೇನೋ.

"ಇದ್ದ. ಆ ಹುಡುಗಿ ಒಳಗೆ ಇದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಹುಣಸೆ ಮರದ ಕೆಳಗಂತೂ ಇದ್ದ."

"ಎಲ್ಲಿ, ಅಯ್ಯ?"

"ಪ್ರಶ್ನೆ ಕೇಳ್ತಿದ್ದ."

ಶೌರಿ ತಲೆ ತಗ್ಗಿಸಿದ. ಅಯ್ಯನವರು ಅವನ ಮೇಲೆ ಕೂಗಾಡಲಿಲ್ಲ. ದೇವರ ಮುಂದೆ ನಿಂತು ಮನುಷ್ಯರ ಮೇಲೆ ದೂರು ಹೇಳೋದೇ ಸೈತಾನನ ಹಳೆಯ ಕೆಲಸ, ಅಲ್ಲಿ ಅವನ ದೂರನ್ನ ಕೇಳೋರಿಲ್ಲ, ಅದಕ್ಕೇ ಕೇಳೋರನ್ನ ಹುಡುಕಿಕೊಂಡು ತಿರುಗ್ತಿರ್ತಾನೆ ಅಂದರು. ನೀನು ಅವನಿಗೆ ಅರವತ್ತು ಮನೆ ಹುಡುಕಿಕೊಟ್ಟೆ ಅಂದರು. ಆ ಅರವತ್ತರಲ್ಲಿ ನನ್ನ ಮನೆಯೂ ಸೇರಿತ್ತು.

ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ಹೇಳು ಅಂದರು. ಶೌರಿಗೆ ಆಗ ನೂರೆಂಟು ಕಾರಣ ಹೊಳೆದವು. ಹಾಗೆ ಹೇಳಿದರೆ ಜೆಸಿಂತ ಸುಳ್ಳಿ ಅಂತ ಅವಳನ್ನ ಮನೆಯಲ್ಲಿ ಬಡೀತಾರಲ್ಲ ಅಂದ.

"ಅವಳ ಹೆಸರು ಯಾಕೆ ತೆಗೀತೀಯ? ನೀನು ಮಾಡಿದ್ದನ್ನ ಹೇಳು."

ಆಶ್ರಮದ ಹೆಸರು ಕೆಡುತ್ತೆ, ಆಮೇಲೆ ಯಾರೂ ಬರಲ್ಲ ಅಂದ.

"ಬರದಿದ್ದರೆ ಗಂಜಿ ಉಳಿಯುತ್ತೆ."

ನೀವೇ ಹೇಳಬಾರದೇ ಅಂದ. ಅಯ್ಯನವರು ಅದನ್ನೂ ಮಾಡಿದರು. ಊರಿನ ಹಿರಿಯರನ್ನ ಕೂರಿಸಿಕೊಂಡು ಹೇಳಿದರು. ನೀವು ಆವತ್ತು ಇರಲಿಲ್ಲ ಅಯ್ಯ, ನಾವು ಕಣ್ಣಾರೆ ಕಂಡಿದ್ದೀವಿ ಅಂತ ಹಿರಿಯರು ಮರ್ಯಾದೆಯಿಂದಲೇ ಎದ್ದು ಹೋದರು. ಅವತ್ತು ಸಾರಿದ ಶೌರಿಯೇ ಬಂದು ಹೇಳಿದರೆ ಮಾತ್ರ ಏನಾದರೂ ಆದೀತು ಅಂತ ಎಲ್ಲರಿಗೂ ಗೊತ್ತಿತ್ತು.

ಮೊದಲನೆಯ ಭಾನುವಾರ ಶೌರಿಗೆ ಜ್ವರ ಬಂತು. ಎರಡನೆಯ ಭಾನುವಾರ ಗರಿಗಳ ಹಬ್ಬ, ಬೇರೆ ಊರಿನವರೆಲ್ಲ ಬಂದಿದ್ದರು, ಇವತ್ತು ಬೇಡ ಅಂದ. ಮೂರನೆಯದು ಪಾಸ್ಕ, ಯೇಸು ಮತ್ತೆ ಎದ್ದ ಹಬ್ಬ. ಅಷ್ಟು ಸಂತೋಷದ ದಿನ ಇದನ್ನ ಹೇಗೆ ಹೇಳಲಿ ಅಂದ. ಆ ಮೂರು ಭಾನುವಾರವೂ ಅಯ್ಯನವರು ಹೊಳೆ ದಾಟಿ ಬಂದು ಲೂರ್ದಮ್ಮನ ಬೆಂಚಿನಲ್ಲಿ ಅವಳ ಪಕ್ಕ ಕೂತರು. ಬೆಂಚಿನ ಉಳಿದ ಜಾಗ ಖಾಲಿಯೇ ಇತ್ತು.

ಪಾಸ್ಕ ಕಳೆದ ವಾರ ಲೂರ್ದಮ್ಮನ ಹೆಂಚಿನ ಮೇಲೆ ಕಲ್ಲು ಬಿದ್ದವು. ಮಾರನೆಯ ದಿನ ಅವಳು ದಡಕ್ಕೆ ಬಂದು, ಅರುಳಪ್ಪ, ನನ್ನನ್ನ ದಾಟಿಸ್ತೀಯೋ ಇಲ್ಲ ನಿನಗೂ ಹೆದರಿಕೆಯೋ ಅಂತ ಕೇಳಿದಳು. ದಾಟಿಸಿದೆ. ಅವಳ ಮುಖ ನೋಡಲಿಲ್ಲ.

ಆಶ್ರಮದ ಅಂಗಳದಲ್ಲಿ ಅವಳು ಕೂರಲೂ ಇಲ್ಲ. ಅವಳ ದನಿ ಕೇಳಿ ಶೌರಿ ಅಡುಗೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

"ಅಯ್ಯ, ಒಂದು ಕೇಳೋಕೆ ಬಂದೆ. ಮನುಷ್ಯರು ದೂರು ಹೇಳಿದ್ದರೆ ಅವರ ಮನೆ ಮುಂದೆ ನಿಂತು ಕೇಳ್ತಿದ್ದೆ. ಪಿಶಾಚಿ ಹೇಳಿತು ಅಂತಾರೆ. ಪಿಶಾಚಿ ಮನೆ ಎಲ್ಲಿ ಅಂತ ಹೋಗಲಿ ನಾನು?"

ಅಯ್ಯನವರು, ಎಪ್ಪತ್ತು ದಾಟಿದ ಮನುಷ್ಯ, ಮಂಡಿ ಊರಿ ಅವಳ ಕಾಲಿಗೆ ಬಿದ್ದರು. ಅವಳು ಅಯ್ಯಯ್ಯೋ ಅಂತ ಹಿಂದಕ್ಕೆ ಸರಿದಳು. ನೀವು ಯಾಕಯ್ಯ, ನೀವೇನು ಮಾಡಿದಿರಿ ಅಂತ ಅಳೋಕೆ ಶುರು ಮಾಡಿದಳು. ಅಡುಗೆ ಕೋಣೆಯ ಕಿಟಕಿಯಲ್ಲಿ ಶೌರಿ ನಿಂತಿದ್ದ. ನಾನು ಅವನನ್ನ ನೋಡಿದೆ, ಅವನು ನನ್ನನ್ನ ನೋಡಿದ.

ನಾಲ್ಕನೆಯ ಭಾನುವಾರ ಅವನು ಬಂದ.

ಪೂಜೆ ಮುಗಿದ ಮೇಲೆ ಫಾದರ್ ಅಪ್ಪಣೆ ಕೊಟ್ಟರು. ಶೌರಿ ಪೀಠದ ಮೆಟ್ಟಿಲ ಕೆಳಗೆ ನಿಂತು ಹೇಳಿದ. ಚೆನ್ನಾಗಿ ಹೇಳಿದ, ಅದನ್ನ ಒಪ್ಪಬೇಕು. ಹಸಿದ ಹೆಂಗಸಿನ ಕೂದಲು ಹಿಡಿದು ಒಂದು ಹೆಸರು ಹೇಳು ಅಂತ ಹಿಂಸೆ ಮಾಡಿದವನು ನಾನು, ಅಯ್ಯನವರು ಬೇಡ ಅಂದಿದ್ದನ್ನ ಮೀರಿದವನು ನಾನು, ಸುಳ್ಳುಗಾರನ ಮಾತು ನಂಬಿ ನಿಮಗೆ ಸಾರಿದವನು ನಾನು, ಲೂರ್ದಮ್ಮ ಯಾವ ತಪ್ಪೂ ಮಾಡಿಲ್ಲ ಅಂದ. ಅವನ ಕಣ್ಣಲ್ಲಿ ನೀರಿತ್ತು. ಅಯ್ಯನವರು ಬೆಂಚಿನಿಂದ ಎದ್ದು, ಅವನು ಹೇಳ್ತಿರೋದು ನಿಜ ಅಂದರು.

ಆಮೇಲೆ ಹೆಂಗಸರ ಕಡೆಯಿಂದ ಸೆಸಿಲಮ್ಮ ಮೆಲ್ಲಗೆ ಹೇಳಿದಳು.

"ನೋಡಿದಿರಾ? ಇವರಿಬ್ಬರಿಗೂ ಮಾಟ ಮಾಡಿಸಿಬಿಟ್ಟಳು."

ಹೌದೌದು ಅಂತ ಒಬ್ಬರು ಅಂದರು. ಅದಕ್ಕೇ ಮೂರು ವಾರದಿಂದ ಮೇಷ್ಟ್ರ ಮುಖದಲ್ಲಿ ಕಳೆಯೇ ಇರಲಿಲ್ಲ ಅಂತ ಇನ್ನೊಬ್ಬರು. ಅಯ್ಯನವರು ಅವಳ ಪಕ್ಕ ಕೂತಾಗಲೇ ನನಗೆ ಅನುಮಾನ ಬಂದಿತ್ತು ಅಂತ ಮತ್ತೊಬ್ಬರು. ತಾಯಂದಿರು ಮಕ್ಕಳನ್ನ ಎಳೆದುಕೊಂಡರು. ಫಾದರ್ ಎರಡು ಸಲ ಸುಮ್ಮನಿರಿ ಅಂದರು, ಯಾರಿಗೂ ಕೇಳಿಸಲಿಲ್ಲ. ಇಬ್ಬರು ಗಂಡಸರು ಹೋಗ್ತಾ, ಅಯ್ಯೋ ಪಾಪ ಅಂತ ಮರುಕದಿಂದ ಶೌರಿಯ ತೋಳು ಹಿಡಿದರು. ಯಾರೋ ತೀರ್ಥ ತಂದು ಅವನ ಮುಖಕ್ಕೆ ಚಿಮುಕಿಸಿದರು.

ಜೆಸಿಂತ ಕಂಬದ ಹಿಂದೆ ತಲೆ ಬಗ್ಗಿಸಿ ಕೂತಿದ್ದಳು. ಅವಳು ಯಾಕೆ ಏಳಲಿಲ್ಲ ಅಂತ ನಾನು ಕೇಳಲ್ಲ. ನಾನು ಏಳಬಹುದಿತ್ತು. ಅವಳು ಹೊಳೆಯಲ್ಲಿ ಹೇಳಿದ್ದನ್ನ ನನ್ನ ಕಿವಿಯಾರೆ ಕೇಳಿದ್ದೆ. ನನ್ನ ಮಗಳಿಗೆ ಸೆಸಿಲಮ್ಮನ ತಂಗಿಯ ಮನೆಯಲ್ಲಿ ಮದುವೆ ಗೊತ್ತಾಗಿತ್ತು. ನಾನು ಏಳಲಿಲ್ಲ. ನಾಚಿಕೆಗೇಡು, ಇನ್ನೇನು ಹೇಳಲಿ.

ಲೂರ್ದಮ್ಮ ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು. ಅವಳಿಗೆ ದಾರಿ ಬಿಟ್ಟರು. ಬೇಕಾದ್ದಕ್ಕಿಂತ ಜಾಸ್ತಿಯೇ ಬಿಟ್ಟರು.

ಸೋಮವಾರ ಬೆಳಿಗ್ಗೆ ಅವಳು ಊರು ಬಿಟ್ಟಳು. ಒಂದು ಗಂಟು, ಒಂದು ಹಿತ್ತಾಳೆ ಚೆಂಬು, ಕಾಲು ಕಟ್ಟಿದ ಎರಡು ಕೋಳಿ. ಆಚೆ ದಡದಲ್ಲಿ, ಹೊಳೆ ಹರಿಯುವ ಕಡೆ ಎರಡು ಹರದಾರಿ ದೂರದಲ್ಲಿ ಅವಳ ಅಕ್ಕನ ಮಗಳಿದ್ದಳು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಒಳಗೆ ಸೇರಿಸ್ತಾಳೋ ಇಲ್ಲವೋ ಗೊತ್ತಿಲ್ಲ, ನಾನೂ ಬಂದು ಕೇಳಿ ನೋಡ್ತೀನಿ ಅಂತ, ರಾತ್ರಿ ಈ ದಡದಲ್ಲೇ ಉಳಿದಿದ್ದ ಅಯ್ಯನವರು ಕೋಲು ಹಿಡಿದು ಜೊತೆಗೆ ಹೊರಟರು. ಮೂವತ್ತೆಂಟು ವರ್ಷ ನಮ್ಮೂರಿನ ಮಕ್ಕಳನ್ನೆಲ್ಲ ಎತ್ತಿದವಳು. ಕಳಿಸಿಕೊಡೋಕೆ ಒಬ್ಬರೂ ದಡಕ್ಕೆ ಬರಲಿಲ್ಲ.

ತೆಪ್ಪ ಬಿಡುವ ಹೊತ್ತಿಗೆ ಶೌರಿ ಓಡಿ ಬಂದ. ರಾತ್ರಿಯೆಲ್ಲ ಚರ್ಚಿನಲ್ಲೇ ಯಾರೋ ಅವನನ್ನ ತಡೆದು ಪ್ರಾರ್ಥನೆ ಮಾಡಿಸಿ ಕೂರಿಸಿಕೊಂಡಿದ್ದರಂತೆ, ತಪ್ಪಿಸಿಕೊಂಡು ಬಂದಿದ್ದ. ಸೊಂಟದವರೆಗೆ ನೀರಿಗಿಳಿದು ತೆಪ್ಪದ ಅಂಚು ಹಿಡಿದುಕೊಂಡ. ಅಮ್ಮ, ನನ್ನನ್ನ ಕ್ಷಮಿಸಿಬಿಡಿ ಅಂದ.

ಲೂರ್ದಮ್ಮ ಅವನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನೊಬ್ಬಳ ಹತ್ತಿರ ಕೇಳಿದರೆ ಏನು ಬಂತಪ್ಪ? ನೀನು ಹೇಳಿದ್ದು ನನ್ನೊಬ್ಬಳಿಗಲ್ಲವಲ್ಲ."

"ನಿನ್ನೆ ಎಲ್ಲರ ಮುಂದೆ ಹೇಳಿದೆನಲ್ಲಮ್ಮ."

"ಹೇಳಿದೆ. ಮೂರು ಭಾನುವಾರ ನಾನು ಬಾಗಿಲು ನೋಡ್ತಾ ಕೂತಿದ್ದೆ. ಆಗ ಬಂದಿದ್ದರೆ ಒಬ್ಬಿಬ್ಬರಾದರೂ ನಂಬ್ತಿದ್ದರು."

ಅಷ್ಟು ಹೇಳಿ ಅವಳು ಆಚೆ ದಡದ ಕಡೆ ಮುಖ ತಿರುಗಿಸಿಕೊಂಡಳು. ಕೋಳಿಗಳು ಕೊಸರಾಡ್ತಿದ್ದವು, ಅವುಗಳ ಮೇಲೆ ಕೈಯಿಟ್ಟುಕೊಂಡಳು.

ಶೌರಿ ಅಯ್ಯನವರ ಕಡೆ ನೋಡಿದ. ಏಳು ವರ್ಷ ಕಲಿತದ್ದೆಲ್ಲ ಒಟ್ಟಿಗೆ ಬಾಯಿಗೆ ಬಂದ ಹಾಗೆ ಮಾತಾಡಿದ.

"ಅಯ್ಯ, ಅವತ್ತು ಅದು ನಾನಲ್ಲ. ಸೈತಾನ ನನ್ನೊಳಗೆ ಹೊಕ್ಕು ಮಾಡಿಸಿದ. ನೀವೇ ಹೇಳಿದಿರಲ್ಲ, ಪ್ರಶ್ನೆ ಕೇಳ್ತಿದ್ದವನು ಅವನೇ ಅಂತ."

ಅಯ್ಯನವರು ತೆಪ್ಪದ ಅಂಚಿನಿಂದ ಅವನ ಬೆರಳುಗಳನ್ನ ಮೆಲ್ಲಗೆ ಬಿಡಿಸಿದರು.

"ಇರಬಹುದು. ಅವನು ಮಾಡಿದ್ದಕ್ಕೆ ದೇವರು ಅವನನ್ನ ಕೇಳ್ತಾನೆ. ನೀನು ಮಾಡಿದ್ದಕ್ಕೆ ಯಾರನ್ನ ಕೇಳಬೇಕು? ಹೇಳು, ಶೌರಿ."